ಸೆಟ್ ಆಗುವ ಮೊದಲು

ನನ್ನ ಅಣ್ಣ ಮುನಿರಾಜು ನನ್ನನ್ನು ನಂಬಿ ಒಪ್ಪಿಸಿದ ಕೆಲಸ ಒಂದೇ ಒಂದು. ಬಾಗಿಲ ಮುಂದೆ ಕೂತು ಒಂದು ನೆಲವನ್ನು ಕಾಯುವುದು. ಹೊರಬೇಕಾದ್ದಿಲ್ಲ, ಅರೆಯಬೇಕಾದ್ದಿಲ್ಲ, ಓದಿ ಒಪ್ಪಿಸಬೇಕಾದ್ದಂತೂ ಇಲ್ಲವೇ ಇಲ್ಲ. ಸುಮ್ಮನೆ ಕೂರಬೇಕು, ಅಷ್ಟೆ. ಅದು ನನ್ನಿಂದ ಆಗಲಿಲ್ಲ. ಆಗಲಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಕೂಡ ಮೂರು ವರ್ಷದವರೆಗೆ ನನ್ನಿಂದ ಆಗಲಿಲ್ಲ.

ಈಗ ಇದು ನೆನಪಾಗಲು ಕಾರಣ ನನ್ನ ಮೊಮ್ಮಗಳು. ಮೊನ್ನೆ ಅವಳಿಗೆ ಒಂದು ಗಂಡಿನ ಫೋಟೋ ತೋರಿಸಿದರೆ, ಎರಡು ಗಳಿಗೆ ನೋಡಿ, "ಅಜ್ಜಿ, ಇದು ನಂಗೆ ಸೆಟ್ ಆಗಲ್ಲ" ಅಂದುಬಿಟ್ಟಳು. ಗಂಡು ಕೈಬಿಟ್ಟು ಹೋದದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಆ ಪದ ಕೇಳಿದ್ದೇ ತಡ, ಎಪ್ಪತ್ತು ದಾಟಿದ ನನ್ನ ಅಂಗಾಲಿಗೆ ತಣ್ಣಗೆ ಏನೋ ತಗುಲಿದ ಹಾಗಾಯಿತು. ಯಾಕೆ ಅಂತ ಹೇಳ್ತೀನಿ ಕೇಳಿ. ಸುತ್ತಿ ಬಳಸಿ ಹೇಳ್ತೀನಿ. ನೇರ ಹೇಳುವ ಧೈರ್ಯ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾನು ಓದಿದ್ದು ಮೂರನೇ ಇಯತ್ತೆ. ಇಂಗ್ಲಿಷ್ ನಾಲ್ಕು ಅಕ್ಷರ ಕೂಡಿಸಲು ಬಾರದು. ಆದರೆ 'ಸೆಟ್' ಅನ್ನುವ ಒಂದು ಪದದ ಮೇಲೆ ಯಾರಾದರೂ ಪರೀಕ್ಷೆ ಇಟ್ಟಿದ್ದರೆ ನಾನು ಫಸ್ಟ್ ಕ್ಲಾಸು. ನಮ್ಮ ಕಡೆ ಆ ಪದ ಮಾಡದ ಕೆಲಸವೇ ಇರಲಿಲ್ಲ. ರಾಜಾಜಿನಗರ ಆಗಿನ್ನೂ ಕಟ್ಟುತ್ತಾ ಇದ್ದ ಊರು. ಒಂದು ಬೀದಿಯಲ್ಲಿ ಹತ್ತು ಮನೆ ಎದ್ದರೆ ಪಕ್ಕದ ಬೀದಿಯಲ್ಲಿ ಇನ್ನೂ ರಾಗಿ ಹೊಲದ ಕೂಳೆ. ಮನೆಗಳ ಜೊತೆಗೇ ಹೊಸ ಹೊಸ ಸಾಮಾನುಗಳೂ ಬಂದವು, ಸಾಮಾನುಗಳ ಜೊತೆಗೆ ಈ ಪದವೂ ಬಂತು. ಪಿಂಗಾಣಿ ಕಪ್ಪು-ಸಾಸರು ಆರು ಇದ್ದರೆ ಅದೊಂದು ಸೆಟ್. ಮಕ್ಕಳಿಗೆ ಸ್ಕೂಲಿನ ಬಟ್ಟೆ ಎರಡು ಸೆಟ್. ಹೋಟೆಲಿನಲ್ಲಿ ದೋಸೆ ಒಂದರ ಮೇಲೊಂದು ಬಂದರೂ ಸೆಟ್. ಗಡಿಯಾರದ ಮುಳ್ಳು ತಿರುಗಿಸಿದರೂ ಸೆಟ್, ಗಂಡು ಹೆಣ್ಣಿನ ಮಾತು ಕುದುರಿದರೂ ಸೆಟ್. ಹಲ್ಲೆಲ್ಲ ಹೋದವರು ಶಿವಾಜಿನಗರದ ಕಡೆ ಹೋಗಿ ಹಲ್ಲಿನ ಸೆಟ್ ಕಟ್ಟಿಸಿಕೊಂಡು ಬಂದು, ಬೀದಿಗೆಲ್ಲ ನಕ್ಕು ತೋರಿಸುತ್ತಿದ್ದರು. ನಮ್ಮಮ್ಮ ಮಾತ್ರ ಇದು ಇಂಗ್ಲಿಷ್ ಪದ ಎಂದು ಸಾಯುವವರೆಗೂ ಒಪ್ಪಲಿಲ್ಲ. "ಹೋಗ್ರೇ, ಚಳಿಗೆ ಕೈಕಾಲು ಸೆಟಕೊಳಲ್ವಾ? ಸಿಮೆಂಟೂ ಹಂಗೇ ಸೆಟಕೊಳುತ್ತೆ. ನಮ್ಮ ಮಾತ್ನ ಅವರು ಎತ್ಕೊಂಡೋಗವ್ರೆ" ಅನ್ನುತ್ತಿದ್ದಳು. ವಾದಕ್ಕೆ ನಿಂತು ಅವಳನ್ನು ಗೆದ್ದವರನ್ನು ನಾನು ನೋಡಲಿಲ್ಲ.

ನಮ್ಮ ಮನೆಗೆ ಈ ಪದ ಬಂದದ್ದು ಸಿಮೆಂಟಿನ ದಾರಿಯಿಂದಲೇ. ಅಪ್ಪ ಇರಲಿಲ್ಲ. ಅಣ್ಣ ಹದಿನಾರನೇ ವಯಸ್ಸಿಗೆ ಚಿಕ್ಕಣ್ಣ ಮೇಸ್ತ್ರಿಯ ಕೈಕೆಳಗೆ ಸೇರಿ ಗಾರೆ ಹೊತ್ತ, ಇಟ್ಟಿಗೆ ಎತ್ತಿಕೊಟ್ಟ, ಗೋಡೆ ಬಡಿದ. ಆದರೆ ಅವನ ಕಣ್ಣೆಲ್ಲ ನೆಲದ ಮೇಲೆ. ರೆಡ್ ಆಕ್ಸೈಡ್ ನೆಲ ಗೊತ್ತಲ್ಲ, ಆ ಕೆಂಪು ನೆಲ? ಈಗಿನವರು ಹಳೇ ಮನೆಗಳಲ್ಲಿ ಕಂಡರೆ ಫೋಟೋ ಹಿಡಿಯುತ್ತಾರೆ. ಅದನ್ನು ಹಾಕುವುದು ಎಲ್ಲ ಗಾರೆಯವರ ಕೈಗೂ ಬರುವ ಕೆಲಸವಲ್ಲ. ಒಂದು ಕೋಣೆಗೆ ಬೇಕಾಗುವಷ್ಟು ಸಿಮೆಂಟು, ಕೆಂಪುಪುಡಿ ಎರಡನ್ನೂ ಒಂದೇ ಸಲಕ್ಕೆ ಕಲಸಿ, ಜರಡಿ ಹಿಡಿದು ಇಟ್ಟುಕೊಳ್ಳಬೇಕು. ನಡುವೆ ಸಾಲದೆ ಬಂದು ಇನ್ನೊಂದು ಹಿಡಿ ಕಲಸಿದರೆ ಆ ಭಾಗದ ಬಣ್ಣ ಬೇರೆಯಾಗಿ, ಸೀರೆಗೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ನೀರಿನ ಹದ ಇನ್ನೂ ಕಷ್ಟ. ಹೆಚ್ಚಾದರೆ ಬಿರಿಯುತ್ತದೆ, ಕಡಿಮೆಯಾದರೆ ಪುಡಿ ಏಳುತ್ತದೆ. ಕರಣೆಯಿಂದ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ಹೊಳಪು ತರಿಸಿ, ಹಿಂದಕ್ಕೆ ಹಿಂದಕ್ಕೆ ಬಂದು ಹೊಸ್ತಿಲು ದಾಟಿದರೆ ಮುಗಿಯಿತು. ಆಮೇಲೆ ಅದು ಸೆಟ್ ಆಗುವವರೆಗೆ ದೇವರೂ ಒಳಗೆ ಹೋಗಕೂಡದು ಅಂತ ಮೇಸ್ತ್ರಿಯ ಕಟ್ಟಪ್ಪಣೆ.

ಅಣ್ಣನಿಗೆ ಇಪ್ಪತ್ತು ತುಂಬಿದ ವರ್ಷ ಮೇಸ್ತ್ರಿ ಮೊದಲ ಸಲ ಒಂದು ನಡುಮನೆಯ ನೆಲವನ್ನು ಪೂರ್ತಿ ಅವನಿಗೇ ಬಿಟ್ಟ. ಸರ್ಕಾರಿ ಕಚೇರಿಯ ಗುಮಾಸ್ತರೊಬ್ಬರ ಮನೆ. ನಾವೆಲ್ಲ ರಾಯರು ಅನ್ನುತ್ತಿದ್ದೆವು. "ಇದು ಚೆನ್ನಾಗಿ ಬಂತು ಅಂದ್ರೆ ಇನ್ನು ನೆಲ ಎಲ್ಲಾ ನಿಂದೇ ಕಣೋ ರಾಜ. ಕರಣೆ ನಿನ್ ಕೈಗೇ ಕೊಡ್ತೀನಿ" ಅಂದಿದ್ದ ಮೇಸ್ತ್ರಿ. ಆ ದಿನ ಅಣ್ಣ ಕೋಳಿ ಕೂಗುವ ಮೊದಲೇ ಎದ್ದು ತಲೆಗೆ ನೀರು ಹಾಕಿಕೊಂಡ. ನಾನು ಬುತ್ತಿ ಹೊತ್ತುಕೊಂಡು ಜೊತೆಗೆ ಹೋದೆ. ನನಗಾಗ ಹನ್ನೊಂದು ವರ್ಷ. ಅಣ್ಣ ಮಂಡಿ ಊರಿಕೊಂಡು ಉಜ್ಜುತ್ತಿದ್ದರೆ ನೆಲ ಅವನ ಕೈಕೆಳಗೆ ಒದ್ದೆ ದಾಸವಾಳದ ಹಾಗೆ ಅರಳುತ್ತಾ ಬಂತು. ನಾನು ಬಾಗಿಲಲ್ಲಿ ನಿಂತು ಕುಣಿಯುತ್ತಿದ್ದೆ. "ಅಣ್ಣ, ಆ ಮೂಲೆ! ಅಣ್ಣ, ಈ ಮೂಲೆ!" ಅಂತ ನಾನೇ ಮೇಸ್ತ್ರಿ ಆದ ಹಾಗೆ.

ಹತ್ತೂವರೆ ಹೊತ್ತಿಗೆ ಅವನು ಹೊಸ್ತಿಲು ದಾಟಿ ಹೊರಗೆ ಬಂದ. ನೆಲ ಮುಗಿದಿತ್ತು. ಅದರ ಮೇಲೆ ಹೊದಿಸಿ ನೀರು ಕಟ್ಟಲು ಗೋಣಿಚೀಲ ಬೇಕಾಗಿತ್ತು. ಮಾಗಡಿ ರಸ್ತೆಯ ಮಂಡಿಯಿಂದ ತರಬೇಕು, ಹೋಗಿ ಹೊತ್ತು ತರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ.

"ಜಯಾ, ಇಲ್ಲೇ ಕೂತಿರು. ನಾಯಿ, ಕೋಳಿ, ಹುಡುಗ್ರು, ಯಾರೂ ಒಳಗೆ ಹೋಗ್ಬಾರ್ದು. ಮಧ್ಯಾಹ್ನದ ಹೊತ್ತಿಗೆ ಸೆಟ್ ಆಗುತ್ತೆ. ಅಲ್ಲೀವರೆಗೂ ಅದು ಹಸೀ ಬಾಣಂತಿ ಇದ್ದಂಗೆ."

"ನಾನಿದೀನಿ ಬಿಡಣ್ಣ."

"ಎದ್ದು ಹೋಗಲ್ಲ ತಾನೆ?"

"ಥೂ, ಹೋಗಲ್ಲ ಕಣಣ್ಣ!"

ಅವನು ಬೀದಿಯ ತಿರುವು ದಾಟಿದನೋ ಇಲ್ಲವೋ, ಎದುರುಮನೆಯ ಮುಂದೆ ಒಂದು ಜಟಕಾ ನಿಂತಿತು. ಆ ಮನೆಯವರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಸುಬೇದಾರರು. ಜಟಕಾದಿಂದ ಇಳಿದದ್ದು ರೇಡಿಯೋ ಸೆಟ್! ನಮ್ಮ ಬೀದಿಗೇ ಮೊದಲನೆಯದು. ಎರಡು ಬೊಂಬು ಆಗಲೇ ಛಾವಣಿ ಮೇಲೆ ನೆಟ್ಟು, ನಡುವೆ ತಂತಿ ಎಳೆದಿದ್ದರು. ಬೀದಿಯ ಮಕ್ಕಳೆಲ್ಲ ಜಮಾಯಿಸಿದರು. ನಾನು ಬಾಗಿಲ ಮುಂದೆ ಕೂತೇ ಇದ್ದೆ, ದೇವರಾಣೆ. ಕತ್ತು ಮಾತ್ರ ಉದ್ದವಾಗುತ್ತಿತ್ತು. ಆಮೇಲೆ ಅರ್ಧ ಎದ್ದೆ. ಆಮೇಲೆ ಬೀದಿಯ ನಡುವೆ ನಿಂತೆ, ಅಲ್ಲಿಂದಲೂ ನೆಲ ಕಾಣುತ್ತದಲ್ಲ ಅಂದುಕೊಂಡು. ಆಮೇಲೆ ಸುಬೇದಾರರ ಕಿಟಕಿಯ ಸರಳು ನನ್ನ ಎರಡೂ ಕೈಯಲ್ಲಿತ್ತು. ಅದು ಹೇಗೆ ಬಂತೋ ನನಗೆ ತಿಳಿಯದು.

ಗುಂಡಿ ತಿರುಗಿಸಿದರೂ ಪೆಟ್ಟಿಗೆ ಮಾತಾಡಲಿಲ್ಲ. "ಬಿಸಿ ಆಗ್ಬೇಕು, ತಡೀರಿ" ಅಂದರು ಸುಬೇದಾರರು. ಎಲ್ಲರೂ ಉಸಿರು ಹಿಡಿದೆವು. ಮೊದಲು ಒಳಗೊಂದು ಹಸಿರು ಕಣ್ಣು ಹೊತ್ತಿಕೊಂಡಿತು. ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದು ಬಂತು. ಆಮೇಲೆ ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು, ಅಚ್ಚ ಕನ್ನಡದಲ್ಲಿ, ನಮ್ಮ ಮೂರನೇ ಇಯತ್ತೆ ಮೇಷ್ಟರ ಹಾಗೆ ಮಾತಾಡಿಬಿಟ್ಟ! ಅಷ್ಟು ಸಣ್ಣ ಪೆಟ್ಟಿಗೆ! ಅಷ್ಟು ದೊಡ್ಡ ಗಂಡಸು! ನನಗೆ ತಡೆಯಲಾಗಲಿಲ್ಲ. ಖುಷಿಯಾದಾಗ ಅದನ್ನು ಮೊದಲು ಅಣ್ಣನಿಗೆ ಹೇಳಬೇಕು. ಅದು ನನ್ನ ಹುಟ್ಟುಗುಣ. ಅವನು ಮಂಡಿಗೆ ಹೋಗಿದ್ದಾನೆ ಅನ್ನುವುದೂ ಮರೆತು, "ಅಣ್ಣಾ, ಪೆಟ್ಗೆ ಮಾತಾಡ್ತು!" ಅಂತ ಕೂಗುತ್ತಾ ರಾಯರ ಮನೆಯೊಳಕ್ಕೆ ಓಡಿದೆ.

ಐದು ಹೆಜ್ಜೆ. ಐದನೆಯದಕ್ಕೆ ಅಂಗಾಲು ತಣ್ಣಗಾಯಿತು.

ಎರಡೂ ಕಾಲು ಜೋಡಿಸಿಕೊಂಡು ಕಲ್ಲಾಗಿ ನಿಂತೆ. ಹಿಂದೆ ನೋಡಿದರೆ ಹೊಳೆಯುವ ನೆಲದ ಮೇಲೆ ಅಕ್ಕಿಕಾಳಿನಷ್ಟು ಆಳಕ್ಕೆ ನನ್ನ ಪುಟ್ಟ ಪಾದಗಳು. ಬಂದ ದಾರಿಯಲ್ಲೇ ವಾಪಸು ಹೋದರೆ ಇನ್ನೈದು. ಮುಂದೆ ಕೈಗೆಟುಕುವಷ್ಟು ದೂರದಲ್ಲಿ ಕಿಟಕಿ. ಚೌಕಟ್ಟು ಮಾತ್ರ ಕೂರಿಸಿದ್ದರು, ಸರಳು ಹಾಕಿರಲಿಲ್ಲ. ಒಂದೇ ನೆಗೆತ! ಚೌಕಟ್ಟು ಹಿಡಿದು, ಕಪಿಯ ಹಾಗೆ ಆಚೆ ಧುಮುಕಿದೆ. ಹಿತ್ತಲಿನ ತೊಟ್ಟಿಯಲ್ಲಿ ಕಾಲು ತೊಳೆದೆ. ಇಟ್ಟಿಗೆಚೂರಿನಿಂದ ತಿಕ್ಕಿದೆ. ಕೆಂಪು ಹೋಗಲೊಲ್ಲದು. ಕೊನೆಗೆ ಮಣ್ಣು ಮೆತ್ತಿಕೊಂಡು ಬಂದು ಬಾಗಿಲ ಮುಂದೆ ಕೂತೆ, ಗುಮ್ಮನ ಹಾಗೆ. ಬಾಗಿಲು ಕಾಯುವವರು ಕೂರಬೇಕಾದ ಹಾಗೆ ನಾನು ಅವತ್ತು ಕೂತದ್ದು ಆಮೇಲೆಯೇ, ಮೂರು ಗಂಟೆ ಹೊತ್ತು.

ಅಣ್ಣ ಬಂದು ಗೋಣಿ ಇಳಿಸಿದ. ಒಳಗೆ ನೋಡಿದ. ಹಲಗೆ ಹಾಕಿಕೊಂಡು ಹೆಜ್ಜೆಯ ಹತ್ತಿರ ಮಂಡಿಯೂರಿ ಕೂತ.

"ಯಾರೇ ಬಂದಿದ್ರು?"

ಈ ಪ್ರಶ್ನೆಗೆ ಉತ್ತರವನ್ನು ನಾನು ಮೂರು ಗಂಟೆ ಹೊತ್ತು ತಯಾರು ಮಾಡಿದ್ದೆ. "ಒಂದು ಹುಡುಗಿ ಅಣ್ಣ. ಈಗ್ತಾನೆ. ನೀನು ಬರೋಕೆ ಒಂಚೂರು ಮುಂಚೆ. ಓಡ್ಬಂತು, ಹಿಡಿಯಕ್ಕೆ ಹೋದೆ, ಮಾಯ ಆಗೋಯ್ತು."

"ಈಗ್ತಾನೆ?"

"ಹೂಂ, ಈಗ್ತಾನೆ."

ಕಾವಲು ಬಿಟ್ಟು ಹೋಗಿರಲಿಲ್ಲ ಎಂದು ತೋರಿಸಲು ಆ 'ಈಗ್ತಾನೆ' ಸೇರಿಸಿದ್ದೆ. ಎಷ್ಟು ಚಿಕ್ಕ ಮಾತು! ಅಣ್ಣ ಹೆಜ್ಜೆಯ ಪಕ್ಕದಲ್ಲಿ ಹೆಬ್ಬೆರಳು ಒತ್ತಿ ನೋಡಿದ. ನೆಲ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಇನ್ನೊಂದು ಕಡೆ ಒತ್ತಿದ. ಅಲ್ಲೂ ಗಟ್ಟಿ. ಅವನ ಮುಖ ಬಾಡುತ್ತಾ ಹೋಯಿತು. ಈಗ ತಾನೆ ಒಂದು ಮಗು ತುಳಿದರೆ ಅಚ್ಚು ಬೀಳುತ್ತದೆ, ಪಕ್ಕದಲ್ಲೇ ಹೆಬ್ಬೆರಳು ಇಳಿಯುವುದಿಲ್ಲ ಅಂದರೆ, ಕಲಸಿದ್ದು ಒಂದೇ ಹದ ಬಂದಿಲ್ಲ ಎಂದೇ ಅರ್ಥ. ಒಂದು ಕಡೆ ನೀರು ಹೆಚ್ಚು, ಒಂದು ಕಡೆ ಕಡಿಮೆ. ನೆಲ ಹಾಕುವವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅವನ ಹೆಬ್ಬೆರಳು ನಿಜ ಹೇಳುತ್ತಿತ್ತು. ಅವನು ತಂಗಿಯ ಮಾತು ನಂಬಿದ.

"ನನ್ನ ಹದವೇ ತಪ್ಪೋಯ್ತು ಕಣೇ" ಅಂದ.

ಚಿಕ್ಕಣ್ಣ ಮೇಸ್ತ್ರಿ ಸಂಜೆ ಬಂದು ಬೀದಿಗೆಲ್ಲ ಕೇಳುವ ಹಾಗೆ ಬೈದ. "ಹೊತ್ತಿಗೆ ಸರಿಯಾಗಿ ಸೆಟ್ ಆಗೋ ಹಂಗೆ ಕಲಸೋಕೆ ಬರ್ದೇ ಇರೋನಿಗೆ ಕರಣೆ ಯಾಕಲೇ? ಹೋಗಿ ಗಾರೆ ಹೊರು. ನಾಳೆ ಎಲ್ಲಾ ಕಿತ್ತಾಕ್ತೀನಿ" ಅಂತ ಅಣ್ಣನ ಕೈಯಿಂದ ಕರಣೆ ಕಿತ್ತುಕೊಂಡ. ನಾನು ಮಣ್ಣು ಮೆತ್ತಿದ ಕಾಲನ್ನು ಲಂಗದೊಳಗೆ ಮುದುಡಿಕೊಂಡು ನಿಂತಿದ್ದೆ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಉಳಿ ಸುತ್ತಿಗೆ ಹಿಡಿದು ಬಂದರೆ ಬಾಗಿಲಲ್ಲಿ ರಾಯರ ತಾಯಿ. ಮಗನ ಮನೆ ಎಲ್ಲಿಗೆ ಬಂತು ಅಂತ ನೋಡಲು ಬಂದಿದ್ದ ಅಜ್ಜಿ, ಕೆಂಪು ನೆಲದ ಮೇಲೆ ಒಳಮುಖವಾಗಿ ನಡೆದುಬಂದ ಪುಟ್ಟ ಹೆಜ್ಜೆಗಳನ್ನು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು.

"ಲೋ ಮೇಸ್ತ್ರಿ, ಉಳಿ ಮುಟ್ಟಿಸೀಯ, ಜೋಕೆ! ಇದು ಯಾರ ಪಾದ ಅಂದ್ಕೊಂಡಿದೀಯ?"

"ಯಾವ್ದೋ ಹುಡುಗಿದು ಕಣಮ್ಮ. ಈ ಮಗು ನೋಡೈತೆ."

ಅಜ್ಜಿ ನನ್ನ ಕಡೆ ತಿರುಗಿದರು. "ಹುಡುಗೀನಾ? ಎಲ್ಲಿಂದ ಬಂದ್ಲು, ಎಲ್ಲಿಗೆ ಹೋದ್ಲು? ಹೇಳಮ್ಮ."

"ಗೊತ್ತಿಲ್ಲ ಅಜ್ಜಿ. ಬಂದ್ಲು. ಆಮೇಲೆ ಕಾಣ್ಲಿಲ್ಲ."

"ಕೇಳಿದ್ಯಾ!" ಅಜ್ಜಿಯ ದನಿ ಏರಿತು. "ಬಂದ ಹೆಜ್ಜೆ ಇದೆ, ಹೋದ ಹೆಜ್ಜೆ ಎಲ್ಲಯ್ಯಾ ಇದೆ? ಬಲಗಾಲು ಮೊದಲಿಟ್ಟಿದಾಳೆ ನೋಡು. ಇಲ್ಲಿ ಎರಡೂ ಕಾಲು ಜೋಡಿಸಿ ನಿಂತಿದಾಳೆ. ಮನೆ ಒಪ್ಪಿದ್ಲು, ನೆಲೆಸಿದ್ಲು! ಸಾಕ್ಷಾತ್ ಲಕ್ಷ್ಮೀ ಕಣೋ, ಅರಿಶಿನ ತನ್ನಿ, ಕುಂಕುಮ ತನ್ನಿ!"

ಹೀಗೆ ನಾನು ದೇವರಾದೆ. ಹನ್ನೊಂದು ವರ್ಷಕ್ಕೆ, ತೊಟ್ಟಿಯ ನೀರಿನಲ್ಲಿ ಕಾಲು ತೊಳೆದ ಮಾರನೆಯ ದಿನ. ಅಕ್ಕಪಕ್ಕದ ಮನೆಯವರೆಲ್ಲ ಬಂದು ನೋಡಿದರು. ಸುಬೇದಾರರ ರೇಡಿಯೋ ಸೆಟ್ಟನ್ನು ಎರಡು ದಿನ ಕೇಳುವವರಿಲ್ಲ! ಮೇಸ್ತ್ರಿಯ ಮಾತೂ ಎಣ್ಣೆ ಹಾಕಿದ ಬಾಗಿಲಿನ ಹಾಗೆ ತಿರುಗಿಕೊಂಡಿತು. "ನನ್ ಕೈಗುಣ ಅಂಗೆ ಬುದ್ಧಿ, ನಾನ್ ಹಾಕ್ಸಿದ್ ನೆಲಕ್ಕೆ ದೇವ್ರು ಬತ್ತದೆ" ಅಂತ ಎದೆ ತಟ್ಟಿಕೊಂಡ. ಆ ಬೀದಿಯ ಆರು ಮನೆಯ ನೆಲ ಅವನಿಗೇ ಸಿಕ್ಕಿತು. ಅಣ್ಣನ ಹೆಸರು ಯಾರೂ ಎತ್ತಲಿಲ್ಲ. ಎತ್ತಿದ್ದರೂ ಅವನು ಒಪ್ಪುತ್ತಿರಲಿಲ್ಲ. ದೇವರು ಬಂದಿರಬಹುದು, ಆದರೆ ಹದ ತಪ್ಪಿದ್ದು ತಪ್ಪಿದ್ದೇ ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ನಾನು ಹೇಳಬೇಕು ಎಂದುಕೊಂಡ ದಿನಗಳಿಗೆ ಲೆಕ್ಕವಿಲ್ಲ. ಅಣ್ಣ ಉಣ್ಣುವಾಗ ಹೇಳೋಣ ಅನ್ನಿಸುವುದು. ಉಂಡುಕೊಳ್ಳಲಿ ಪಾಪ ಅನ್ನಿಸುವುದು. ಮೊದಮೊದಲು ಅಣ್ಣ ಬೈದಾನು ಎಂದು ಹೆದರಿಕೆ. ಆಮೇಲೆ ಅಜ್ಜಿಯ ಹೆದರಿಕೆ. ಅಷ್ಟು ಜನ ಅರಿಶಿನ ಕುಂಕುಮ ಹಾಕಿ ಕೈಮುಗಿದ ಮೇಲೆ, "ಅದು ನಾನು" ಅನ್ನುವುದು ಹೇಗೆ? ಸುಳ್ಳಿಗೂ ಸೆಟ್ ಆಗುವ ಹೊತ್ತು ಅಂತ ಒಂದಿದೆ. ಅಷ್ಟರೊಳಗೆ ಅಳಿಸಿಬಿಟ್ಟರೆ ಬಟ್ಟೆಯಲ್ಲಿ ಒರೆಸಿದ ಹಾಗೆ ಹೋಗುತ್ತದೆ.

ಅಣ್ಣ ಒಂದು ವರ್ಷ ಗಾರೆ ಹೊತ್ತು, ಆ ಕೆಲಸವನ್ನೇ ಬಿಟ್ಟ. ನಮ್ಮ ಕಡೆ ಸಣ್ಣ ಸಣ್ಣ ಕಾರ್ಖಾನೆಗಳು ಏಳುತ್ತಿದ್ದವು, ಒಂದರಲ್ಲಿ ಲೇತ್ ಮೆಷಿನ್ನಿಗೆ ಸೇರಿಕೊಂಡ. ಅಲ್ಲೂ ಅದೇ ಪದ ಅವನಿಗಾಗಿ ಕಾದು ಕೂತಿತ್ತು. "ಅಲ್ಲಿ ಮೆಷಿನ್ ಸೆಟ್ ಮಾಡೋನೇ ಬೇರೆ, ಸೆಟ್ಟರ್ ಅಂತ" ಅಂದ ಒಂದು ದಿನ. "ನೀನ್ಯಾಕೆ ಅದನ್ನ ಕಲೀಬಾರ್ದಣ್ಣ?" ಅಂದೆ. "ನನಗ್ಯಾಕೆ ಅದೆಲ್ಲ? ಅವರು ಸೆಟ್ ಮಾಡಿಕೊಡ್ತಾರೆ, ನಾನು ತಿರುಗಿಸ್ತೀನಿ. ಹದ ನೋಡೋ ಕೆಲಸ ನನಗೆ ಬೇಡ" ಅಂದ. ಆದರೂ ಯಾರ ಮನೆಗೆ ಹೋದರೂ ಮೊದಲು ಅವನ ಕಣ್ಣು ನೆಲಕ್ಕೇ ಇಳಿಯುತ್ತಿತ್ತು. ಹೆಬ್ಬೆರಳಿನಿಂದ ಸುಮ್ಮನೆ ಹೀಗೆ ಸವರುತ್ತಿದ್ದ. ನಾನು ಬೇರೆ ಕಡೆ ನೋಡುತ್ತಿದ್ದೆ.

ಹದಿನಾಲ್ಕು ತುಂಬುವ ಹೊತ್ತಿಗೆ ನನ್ನ ಮದುವೆ ಸೆಟ್ ಆಯಿತು. ಆಗಿನ ಕಾಲ ಹಾಗೆ, ಯಾರೂ ನನಗೆ ಫೋಟೋ ತೋರಿಸಲಿಲ್ಲ. ಕೆಂಗೇರಿಯ ಕಡೆಯ ಗಂಡು. ಮನೆಯೆಲ್ಲ ಸಡಗರ. ಎರಡು ಸೀರೆಗೆ ಒಪ್ಪುವ ಬಳೆಯ ಸೆಟ್ಟು ಬಂದಾಗ ನಾನು ಕೈ ಆಡಿಸಿ ಆಡಿಸಿ ಅಮ್ಮನಿಂದ ಬೈಸಿಕೊಂಡೆ. ಮದುವೆಗೆ ಹೇಳಲು ಎಲೆ ಅಡಿಕೆ ತಟ್ಟೆ ಹಿಡಿದು ಅಣ್ಣನೂ ನಾನೂ ರಾಯರ ಮನೆಗೆ ಹೋದೆವು.

ಅಜ್ಜಿ ಅಷ್ಟರಲ್ಲಿ ಹಲ್ಲಿನ ಸೆಟ್ ಕಟ್ಟಿಸಿಕೊಂಡಿದ್ದರು. ಶುಭಕಾರ್ಯದ ಮಾತಿಗೆ ಮಾತ್ರ ಹಾಕಿಕೊಳ್ಳುತ್ತಿದ್ದರು. "ತಡಿ, ತಡಿ" ಎಂದು ಒಳಗೆ ಹೋಗಿ ಹಲ್ಲು ಹಾಕಿಕೊಂಡೇ ಬಂದು, ಬಾಯಿತುಂಬ ನಕ್ಕರು. "ಮದುವಣಗಿತ್ತಿ, ಬಾಮ್ಮ. ಮೊದಲು ಲಕ್ಷ್ಮೀ ಪಾದಕ್ಕೆ ನಮಸ್ಕಾರ ಮಾಡು. ಅವಳನ್ನ ಕಣ್ಣಾರೆ ಕಂಡೋಳು ನೀನೊಬ್ಬಳೇ."

ನಡುಮನೆಯ ಆ ಐದು ಹೆಜ್ಜೆಯ ಸುತ್ತ ರಂಗೋಲಿ ಹಾಕಿತ್ತು. ನನ್ನ ಕಾಲಿಗೆ ನಾನೇ ಬಗ್ಗಿದೆ. ಬಗ್ಗಿದರೆ ಮುಖಕ್ಕೆ ಅಷ್ಟು ಹತ್ತಿರದಲ್ಲಿ ಅಣ್ಣನ ನೆಲ. ಮೂರು ವರ್ಷ ಎಷ್ಟು ಜನ ಓಡಾಡಿದ್ದರೋ, ಒಂದು ಬಿರುಕಿಲ್ಲ, ಒಂದು ಕಡೆ ಬಣ್ಣ ಹೆಚ್ಚುಕಡಿಮೆಯಿಲ್ಲ. ನನ್ನ ಮುಖ ಅದರಲ್ಲಿ ಕಂಡಿತು. ಅಣ್ಣ ಗೋಡೆಯ ಪಕ್ಕ ನಿಂತು ಕಣ್ಣನ್ನು ಸೂರಿಗೆ ನೆಟ್ಟಿದ್ದ. ಆ ನೆಲವೊಂದನ್ನು ಮಾತ್ರ ಅವನು ನೋಡುತ್ತಿರಲಿಲ್ಲ.

"ಮುನಿರಾಜು, ಹಿಂದೊಂದು ದೇವರಮನೆ ಹಾಕಿಸ್ತಾ ಇದೀವಪ್ಪ" ಅಂದರು ಅಜ್ಜಿ. "ಚಿಕ್ಕಣ್ಣ ಹಾಕಿದ ಮನೆಗಳ ನೆಲ ಎಲ್ಲಾ ಬಿರುಕು ಬಿಟ್ಟಿವೆ. ಇದೊಂದೇ ಹಿಂಗಿರೋದು. ಇದು ನಿನ್ನ ಕೈ ಅಂತ ನನಗೆ ಗೊತ್ತು ಕಣಯ್ಯ, ಅವತ್ತು ಮೇಸ್ತ್ರಿ ಬೈದಿದ್ದು ಕೇಳಿಸ್ಕೊಂಡೋರು ಆಮೇಲೆ ಹೇಳಿದ್ರು. ಭಾನುವಾರ ನೀನೇ ಬಂದು ಹಾಕ್ಕೊಡು."

ಅಣ್ಣನ ಮುಖ ಒಂದು ಗಳಿಗೆ ಬೆಳಗಿತು. ನಾನು ನೋಡಿದೆ. ಆ ಕ್ಷಣವೇ ಆರಿತು.

"ಬೇಡಮ್ಮ. ನಂಗೆ ಹದ ಬರಲ್ಲ. ದೇವರಮನೆ ಹಾಳಾಗೋದು ಬೇಡ. ಬೇರೆ ಯಾರಾದ್ರೂ ನೋಡಿ."

"ಅಲ್ಲಯ್ಯ, ಕೈಯಲ್ಲಿ ಇಂಥಾ ಕೆಲಸ ಇಟ್ಕೊಂಡು..."

"ಬರಲ್ಲಮ್ಮ ನಂಗೆ. ನಿಜವಾಗ್ಲೂ ಬರಲ್ಲ" ಅಂದು ಅವನು ಬಾಗಿಲ ಕಡೆ ತಿರುಗಿದ.

ನಾನು ಎದ್ದು ನಿಂತ ರಭಸಕ್ಕೆ ಕೈಯ ಬಳೆಗಳೆಲ್ಲ ಒಟ್ಟಿಗೇ ಸದ್ದು ಮಾಡಿದವು. ಇನ್ನು ಹತ್ತು ದಿನಕ್ಕೆ ನಾನು ಕೆಂಗೇರಿ ಸೇರುತ್ತೇನೆ. ಇವನು ಬದುಕಿರುವವರೆಗೂ ಇನ್ನೊಬ್ಬರು ಸೆಟ್ ಮಾಡಿಕೊಟ್ಟ ಮೆಷಿನ್ನು ತಿರುಗಿಸುತ್ತಾ ಇರುತ್ತಾನೆ. ಅಜ್ಜಿಯ ಕೈಯಲ್ಲಿ ಕುಂಕುಮದ ಬಟ್ಟಲು, ಬಾಯಲ್ಲಿ ಹೊಸ ಹಲ್ಲು, ಕಣ್ಣಲ್ಲಿ ನನ್ನ ಮೇಲೆ ಅಷ್ಟು ಪ್ರೀತಿ. ಕಣ್ಣು ಮುಚ್ಚಿಕೊಂಡು, ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿಬಿಟ್ಟೆ:

"ಅಣ್ಣ, ಹೋಗ್ಬೇಡ, ನಿಂತ್ಕೋ. ಯಾವ ಹುಡುಗೀನೂ ಬರ್ಲಿಲ್ಲ. ತುಳಿದೋಳು ನಾನು. ನೀನು ಮಂಡಿಗೆ ಹೋದೆಯಲ್ಲ, ಹೋದ ಸ್ವಲ್ಪ ಹೊತ್ತಿಗೇ, ನೆಲ ಇನ್ನೂ ಹಸಿಯಾಗಿದ್ದಾಗ. ರೇಡಿಯೋ ನೋಡೋಕೆ ಎದ್ದೋಗಿ, ಓಡ್ಬಂದು ತುಳಿದೆ. ಈಗ್ತಾನೆ ಅಂತ ಸುಳ್ಳು ಹೇಳ್ದೆ. ನಿನ್ನ ಹದ ಸರಿಯಾಗಿತ್ತಣ್ಣ, ಪೂರ್ತಿ ಸರಿಯಾಗಿತ್ತು. ಅಜ್ಜಿ, ನಿಮ್ಮ ಮನೆ ನೆಲಕ್ಕೆ ಕೈ ಮುಗೀರಿ, ನನ್ನ ಕಾಲಿಗೆ ಬೇಡ. ಅಣ್ಣ, ತಪ್ಪಾಯ್ತು. ನನ್ನಿಂದ ತಪ್ಪಾಯ್ತಣ್ಣ."